ಸುಂಕದ ಕಟ್ಟೆ ದಾಟಿದ ಕೋವಿ, ದಾಟದ ಕೋವಿ



ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ವಿಷಯ ಕೋವಿಯದ್ದು. ಆಫ್ರಿಕಾಕ್ಕೆ ಸಫಾರಿ ಬೇಟೆಗೆ ಹೋಗುವ ಹಣವಂತರು ತಮ್ಮ ರೈಫಲ್ಲನ್ನು ಕಸ್ಟಮ್ಸ್ ದಾಟಿಸೋದು ಹೇಗೆ, ಆ ನಿಯಮ ಹುಟ್ಟಿದ್ದು ಎಲ್ಲಿ, ಅದಕ್ಕೂ ನಮ್ಮಂಥವರಿಗೂ ಏನು ಸಂಬಂಧ ಅಂತ ಬರೀತಿದೀನಿ.

ಮೊದಲು ಇವತ್ತಿನ ಪದ್ಧತಿ ನೋಡಿ. ಅಮೆರಿಕದ ಒಬ್ಬ ಬೇಟೆ ಶೋಕಿಯವನು ದಕ್ಷಿಣ ಆಫ್ರಿಕಾಕ್ಕೆ ಹೊರಟ ಅಂತ ಇಟ್ಕೊಳ್ಳಿ. ದೇಶ ಬಿಡುವ ಮೊದಲೇ ಅವನು ರೈಫಲ್ ತಗೊಂಡು ಅಲ್ಲಿನ ಕಸ್ಟಮ್ಸ್ ಅಧಿಕಾರಿ ಹತ್ತಿರ ಹೋಗ್ತಾನೆ. ಅಲ್ಲಿ 4457 ನಂಬರಿನ ಒಂದು ಫಾರಂ. ಕೋವಿಯ ಕಂಪನಿ, ಮಾದರಿ, ಸೀರಿಯಲ್ ನಂಬರ್ ಬರೆದರೆ ಅಧಿಕಾರಿ ಕೋವಿ ನೋಡಿ ಸೀಲ್ ಹಾಕ್ತಾರೆ. ವಾಪಸ್ ಬಂದಾಗ "ಇದು ಹೊರದೇಶದಲ್ಲಿ ಕೊಂಡದ್ದಲ್ಲ, ಇಲ್ಲಿಂದಲೇ ಒಯ್ದದ್ದು" ಅಂತ ತೋರಿಸಲಿಕ್ಕೆ ಆ ಕಾಗದ ಬೇಕು. ವಿಮಾನದಲ್ಲಿ ಕೋವಿಗೆ ಬೀಗ ಹಾಕಿದ ಗಟ್ಟಿ ಪೆಟ್ಟಿಗೆ. ಕಾಡತೂಸು ಬೇರೆ ಇಡಬೇಕು, ಸಾಮಾನ್ಯವಾಗಿ 5 ಕೆಜಿ ಮೀರಬಾರದು.

ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದ ಮೇಲೆ ವಿಮಾನ ನಿಲ್ದಾಣದಲ್ಲೇ ಪೊಲೀಸರ ಕೋವಿ ಕಚೇರಿ ಇದೆ. ಅಲ್ಲಿ ಎಸ್‌ಎಪಿಎಸ್ 520 ಅನ್ನೋ ಫಾರಂ. ಕಪ್ಪು ಶಾಯಿಯಲ್ಲೇ ತುಂಬಬೇಕು. ಸಹಿ ಮಾತ್ರ ಮೊದಲೇ ಮಾಡೋ ಹಾಗಿಲ್ಲ, ಅಧಿಕಾರಿ ಎದುರಿಗೇ ಮಾಡಬೇಕು. ಜೊತೆಗೆ ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಬೇಟೆಗೆ ಕರೆದವರ ಆಹ್ವಾನ ಪತ್ರ, ಕೋವಿ ತನ್ನದೇ ಅನ್ನೋದಕ್ಕೆ ದಾಖಲೆ. ಅಮೆರಿಕದವನಾದರೆ ಆ 4457 ಫಾರಮ್ಮೇ ದಾಖಲೆ. ಒಂದು ಕೋವಿಗೆ 200 ಗುಂಡಿನವರೆಗೆ ಬಿಡ್ತಾರೆ. ಪೊಲೀಸರು ಪೆಟ್ಟಿಗೆ ತೆರೆಸಿ ಕೋವಿ ಮೇಲಿನ ನಂಬರಿಗೂ ಕಾಗದದ ನಂಬರಿಗೂ ತಾಳೆ ನೋಡ್ತಾರೆ. ಸರಿ ಇದ್ರೆ ತಾತ್ಕಾಲಿಕ ಪರವಾನಗಿ ಕೈಗೆ ಬಂತು.

ನಾನು ಗುಮಾಸ್ತ. ದಿನಾ ಫಾರಂ ತಗೊಳ್ಳೋದು, ತಾಳೆ ನೋಡೋದು, ಸೀಲ್ ಹೊಡೆಯೋದೇ ನನ್ನ ಕೆಲಸ. ಹಾಗಾಗಿ ಈ ಫಾರಂ ಬಗ್ಗೆ ನನಗೆ ತಕರಾರಿಲ್ಲ. ಕೋವಿಗೆ ಲೆಕ್ಕ ಇರಲೇಬೇಕು. ಆದರೆ ಇಪ್ಪತ್ತು ವರ್ಷ ಕೌಂಟರಿನ ಈ ಕಡೆ ಕೂತವನಿಗೆ ಒಂದು ವಿಷಯ ಗೊತ್ತಾಗುತ್ತೆ. ಫಾರಂನಲ್ಲಿ ಯಾವ ಕಾಲಂ ಇದೆ ಅನ್ನೋದು ಆಮೇಲಿನ ಮಾತು. ಆ ಫಾರಂ ಕೇಳೋಕೆ ಯಾರು ಬರಬಹುದು, ಯಾರು ಬಾಗಿಲಲ್ಲೇ ನಿಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ಸಫಾರಿ ಕೋವಿಯ ಕಾಗದದ ಹಿಂದೆ ಅಂಥ ಒಂದು ತೀರ್ಮಾನ ಇದೆ. ಅದಕ್ಕೆ 130 ವರ್ಷ ದಾಟಿದೆ.

*1890, ಬ್ರಸೆಲ್ಸ್*

1890ರ ಜುಲೈ 2ರಂದು ಯುರೋಪಿನ ದೇಶಗಳು ಮತ್ತು ಇನ್ನು ಕೆಲವು ದೇಶಗಳು ಬ್ರಸೆಲ್ಸ್ ನಗರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಹೆಸರಿಗೆ ಅದು ಆಫ್ರಿಕಾದ ಗುಲಾಮರ ವ್ಯಾಪಾರ ನಿಲ್ಲಿಸುವ ಒಪ್ಪಂದ. ಗುಲಾಮರ ದಲ್ಲಾಳಿಗಳು ಕೋವಿ ಹಿಡಿದು ಊರೂರು ಕೊಳ್ಳೆ ಹೊಡೀತಿದ್ದದ್ದು ನಿಜ, ಅದನ್ನು ಅಲ್ಲಗಳೆಯೋಕಾಗಲ್ಲ. ಆ ಕಾರಣ ಕೊಟ್ಟು ಒಪ್ಪಂದ ಏನು ಮಾಡ್ತು ಅಂದ್ರೆ, ಭೂಪಟದ ಮೇಲೆ ಎರಡು ಗೆರೆ ಎಳೀತು. ಉತ್ತರಕ್ಕೆ 20ನೇ ಅಕ್ಷಾಂಶ, ದಕ್ಷಿಣಕ್ಕೆ 22ನೇ ಅಕ್ಷಾಂಶ. ನಡುವಿನ ಆಫ್ರಿಕಾಕ್ಕೆಲ್ಲ ಹೊಸ ಮಾದರಿಯ ರೈಫಲ್, ಮದ್ದುಗುಂಡು ತರೋದು ನಿಷೇಧ. ಬಂದ ಕೋವಿಯನ್ನೆಲ್ಲ ಸರ್ಕಾರಿ ಉಗ್ರಾಣದಲ್ಲಿ ಇಡಬೇಕು. ಚಕಮಕಿ ಕಲ್ಲಿನ ಹಳೇ ಕೋವಿಗೆ ಮಾತ್ರ ಸ್ವಲ್ಪ ಸಡಿಲ.

ನಿಷೇಧ ಅಂದ ಮೇಲೆ ವಿನಾಯಿತಿ ಇರಲೇಬೇಕಲ್ಲ. ಸರ್ಕಾರದ ಸೈನ್ಯ, ಪೊಲೀಸರಿಗೆ ವಿನಾಯಿತಿ. ಕೋವಿಯನ್ನು ಬೇರೆಯವರಿಗೆ ಕೊಡಲ್ಲ, ಮಾರಲ್ಲ ಅಂತ ಭರವಸೆ ಕೊಡಬಲ್ಲ 'ನಂಬಿಕಸ್ಥ' ವ್ಯಕ್ತಿಗಳಿಗೆ ವಿನಾಯಿತಿ. ಮೂರನೆಯದಾಗಿ, ಸ್ವಂತ ರಕ್ಷಣೆಗೆ ಅಂತ ತಮ್ಮ ಸರ್ಕಾರದಿಂದ ಪತ್ರ ತಂದ ಪ್ರಯಾಣಿಕರಿಗೆ ವಿನಾಯಿತಿ.

ಇದನ್ನ ನಿಧಾನವಾಗಿ ಓದಿ. ತನ್ನ ದೇಶದ ಸರ್ಕಾರ ಕೊಟ್ಟ ಕಾಗದ ಹಿಡಿದು ಕೋವಿ ಸಮೇತ ಆಫ್ರಿಕಾಕ್ಕೆ ಬರುವ ಪ್ರಯಾಣಿಕ! ಇವತ್ತು 4457 ಫಾರಂ ಹಿಡಿದು ಬರೋ ಬೇಟೆಗಾರನ ಮುತ್ತಾತ ಅವನೇ. ಆ ನೆಲದಲ್ಲೇ ಹುಟ್ಟಿದವನಿಗೆ 'ನಮ್ಮ ಸರ್ಕಾರ' ಅನ್ನೋದನ್ನೇ ಉಳಿಸಿರಲಿಲ್ಲ. ಪತ್ರ ಕೊಡೋರು ಯಾರು? ಒಂದೇ ಕಾಗದದಲ್ಲಿ ಬಿಳಿಯನಿಗೆ ಬಾಗಿಲು ತೆಗೆದು ಕರಿಯನಿಗೆ ಮುಚ್ಚಿದರು. ಎಲ್ಲೂ ಬಣ್ಣದ ಹೆಸರು ಎತ್ತಬೇಕಾಗಿ ಬರಲೇ ಇಲ್ಲ.

*ಬೆವರು ಸುರಿಸಿ ಕೊಂಡ ಕೋವಿ*

ಇದಕ್ಕೂ ಹಿಂದಿನ ಕಥೆ ದಕ್ಷಿಣ ಆಫ್ರಿಕಾದ್ದು. 1870ರ ದಶಕದಲ್ಲಿ ಕಿಂಬರ್ಲಿಯಲ್ಲಿ ವಜ್ರದ ಗಣಿ ಶುರುವಾಯ್ತು. ಸೋಥೋ, ಪೆಡಿ, ಹ್ಲೂಬಿ ಹೀಗೆ ಹಲವು ಜನಾಂಗದ ಹುಡುಗರು ನೂರಾರು ಮೈಲಿ ನಡೆದು ಬಂದು ತಿಂಗಳುಗಟ್ಟಲೆ ಗುಂಡಿ ತೋಡಿದರು. ಅವರಲ್ಲಿ ಬಹಳ ಜನ ಬಂದದ್ದು ಒಂದು ಕೋವಿ ಕೊಳ್ಳೋ ದುಡ್ಡಿಗೆ. ತಮ್ಮ ನೆಲ ಒಂದೊಂದೇ ತುಂಡಾಗಿ ಹೋಗ್ತಿರೋದು ಅವರ ಕಣ್ಣಿಗೆ ಕಾಣ್ತಿತ್ತು. ಗಣಿ ಮಾಲೀಕರಿಗೂ ಆಳು ಬೇಕಿತ್ತು, ವ್ಯಾಪಾರಿಗಳಿಗೆ ಕೋವಿ ಮಾರಬೇಕಿತ್ತು. ಹಾಗಾಗಿ ಮೊದಮೊದಲು ಯಾರೂ ಬೇಡ ಅನ್ನಲಿಲ್ಲ.

ಕೋವಿ ಊರಿಗೆ ಹೋದಾಗ ರಗಳೆ ಶುರು. ನಟಾಲ್ ವಸಾಹತಿನಲ್ಲಿ ಹ್ಲೂಬಿ ಜನರ ಮುಖ್ಯಸ್ಥ ಲಂಗಾಲಿಬಲೇಲೆಗೆ ಹುಕುಂ ಬಂತು: ನಿನ್ನ ಹುಡುಗರು ತಂದ ಕೋವಿಗಳನ್ನೆಲ್ಲ ತಂದು ನೋಂದಣಿ ಮಾಡಿಸು. ಕೊಟ್ಟ ಕೋವಿ ವಾಪಸ್ ಬರುತ್ತೆ ಅನ್ನೋ ನಂಬಿಕೆ ಯಾರಿಗೂ ಇರಲಿಲ್ಲ. ಆತ ಹೋಗಲಿಲ್ಲ. 1873ರಲ್ಲಿ ಸೈನ್ಯ ನುಗ್ಗಿತು. ಹ್ಲೂಬಿಗಳ ದನ, ಜಮೀನು ಎಲ್ಲ ಹೋಯ್ತು. ಲಂಗಾಲಿಬಲೇಲೆಯನ್ನು ಹಿಡಿದು, ವಿಚಾರಣೆಯ ನಾಟಕ ಮಾಡಿ, ರಾಬೆನ್ ದ್ವೀಪಕ್ಕೆ ಕಳಿಸಿದರು. ಹೌದು, ಮುಂದೆ ಮಂಡೇಲಾ ಅವರನ್ನು ಇಟ್ಟಿದ್ದ ಅದೇ ದ್ವೀಪ.

1878ರಲ್ಲಿ ಕೇಪ್ ವಸಾಹತು 'ಶಾಂತಿ ರಕ್ಷಣೆ'ಯ ಕಾಯ್ದೆ ಮಾಡಿತು. ಕೋವಿ ಒಪ್ಪಿಸಿ ಅನ್ನೋದೇ ಶಾಂತಿ. ಅದನ್ನು 1880ರಲ್ಲಿ ಬಸುಟೋಲ್ಯಾಂಡಿಗೂ ಹೇರಿದಾಗ ಸೋಥೋ ಜನ ತಿರುಗಿ ಬಿದ್ದರು. ಗಣಿಯಲ್ಲಿ ಜೀವ ತೇದು ಕೊಂಡದ್ದನ್ನ ಸುಮ್ಮನೆ ಯಾಕೆ ಕೊಡಬೇಕು? ಇತಿಹಾಸದಲ್ಲಿ ಇದಕ್ಕೆ 'ಕೋವಿ ಯುದ್ಧ' ಅಂತಲೇ ಹೆಸರು. 1881ರಲ್ಲಿ ರಾಜಿ ಆಯ್ತು, ಲೈಸೆನ್ಸ್ ಶುಲ್ಕ ಕಟ್ಟಿ ಕೋವಿ ಇಟ್ಕೊಳ್ಳಬಹುದು ಅಂತ. ಕೇಪ್ ಸರ್ಕಾರಕ್ಕೆ ಆ ನಾಡು ಆಳೋಕಾಗಲಿಲ್ಲ, 1884ರಲ್ಲಿ ಬ್ರಿಟನ್ ನೇರವಾಗಿ ವಹಿಸಿಕೊಂಡಿತು. ಇವತ್ತು ಆ ನೆಲ ಲೆಸೊಥೊ ಅನ್ನೋ ಸ್ವತಂತ್ರ ದೇಶ. ಸುತ್ತ ನಾಲ್ಕೂ ಕಡೆ ದಕ್ಷಿಣ ಆಫ್ರಿಕಾ ಇದ್ದರೂ ಅದರಲ್ಲಿ ಕರಗಿ ಹೋಗದೆ ಉಳಿದಿರೋದಕ್ಕೆ ಆ ಯುದ್ಧವೂ ಒಂದು ಕಾರಣ.

*ಅದೇ 1878, ನಮ್ಮ ದೇಶ*

1878 ಅನ್ನೋ ಇಸವಿ ನೆನಪಿಟ್ಕೊಳ್ಳಿ. ಅದೇ ವರ್ಷ ವೈಸರಾಯ್ ಲಿಟ್ಟನ್ ಭಾರತಕ್ಕೆ ಶಸ್ತ್ರಾಸ್ತ್ರ ಕಾಯ್ದೆ ತಂದ. ಭಾರತೀಯ ಕೋವಿ ಇಡಬೇಕಂದ್ರೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಭಾರತೀಯರಲ್ಲೂ ರಾಜರು, ಬಿರುದಾಂಕಿತರು, ದೊಡ್ಡ ಜಮೀನ್ದಾರರಿಗೆ ವಿನಾಯಿತಿ. ಶಾಲೆ ಪುಸ್ತಕದಲ್ಲಿ ಇದನ್ನ 'ಬ್ರಿಟಿಷರು ಭಾರತೀಯರನ್ನು ನಿಶ್ಶಸ್ತ್ರಗೊಳಿಸಿದರು' ಅಂತ ಓದಿದ್ದೀವಿ. ಯಾವ ಭಾರತೀಯರನ್ನು ಅಂತ ಯಾರೂ ಕೇಳಲಿಲ್ಲ. ಹೊಲೇರಿ ಮಾದರಿಯವರ ಕೈಯಲ್ಲಿ ಶಸ್ತ್ರ ಇರಬಾರದು ಅನ್ನೋ ಕಟ್ಟಳೆಯನ್ನು ಲಿಟ್ಟನ್ ತರಬೇಕಾಗಿರಲಿಲ್ಲ. ಅವನ ಹಡಗು ಬರುವ ಎಷ್ಟೋ ಶತಮಾನ ಮೊದಲೇ ಅದು ಇತ್ತು. 1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಇದನ್ನೇ ಎತ್ತಿ ತೋರಿಸಿದರು. ಇಷ್ಟು ಅನ್ಯಾಯ ಸಹಿಸಿಕೊಂಡು ಕೆಳಗಿನವರು ಯಾಕೆ ದಂಗೆ ಏಳಲಿಲ್ಲ ಅಂದರೆ, ವರ್ಣ ವ್ಯವಸ್ಥೆ ಅವರಿಗೆ ಅಕ್ಷರದ ಜೊತೆ ಆಯುಧವನ್ನೂ ಕೊಟ್ಟಿರಲಿಲ್ಲ ಅನ್ನೋದು ಅವರ ವಾದ.

ಕರ್ನಾಟಕದ್ದೇ ಒಂದು ಉದಾಹರಣೆ ಇದೆ. 1861ರಿಂದ ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ. ಇವತ್ತಿನ ನಿಯಮದಲ್ಲಿ ಕೊಡವರ ಜೊತೆ ಜಮ್ಮಾ ಹಿಡುವಳಿದಾರರೂ ಸೇರಿದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡೀತು. ನಾನು ಕೊಡವರ ಮೇಲೆ ದೂರು ಹೇಳ್ತಿಲ್ಲ. ಅವರ ಮನೆಯಲ್ಲಿ ಕೋವಿಗೆ ಪೂಜೆ ಇದೆ, ಹಬ್ಬ ಇದೆ, ಅದು ಅವರ ಸಂಸ್ಕೃತಿ. ನನ್ನ ಪ್ರಶ್ನೆ ಕಾನೂನಿಗೆ. ವಿನಾಯಿತಿ ಸಿಗೋದು ಒಂದೋ ಹುಟ್ಟಿನಿಂದ, ಇಲ್ಲಾ ಜಮೀನಿನಿಂದ. ಅದೇ ಕೊಡಗಿನ ಗದ್ದೆಯಲ್ಲಿ ತಲೆತಲಾಂತರದಿಂದ ಜೀತ ಮಾಡಿದ ಎರವರಿಗೆ ಈ ಎರಡೂ ಇಲ್ಲ. ಆನೆ, ಹಂದಿ ಗದ್ದೆಗೆ ನುಗ್ಗಿದರೆ ಮೊದಲು ಸಿಕ್ಕಿಬೀಳೋದು ಅವರೇ ತಾನೆ?

*ಅಧ್ಯಕ್ಷರ ಸವಾರಿ, 1909*

ಈಗ ವಾಪಸ್ ಆಫ್ರಿಕಾಕ್ಕೆ ಹೋಗೋಣ. ಸಫಾರಿ ಅನ್ನೋ ಪದ ಜಗತ್ತಿಗೆಲ್ಲ ಗೊತ್ತಾಗಿದ್ದು ಥಿಯೋಡರ್ ರೂಸ್ವೆಲ್ಟ್‌ನಿಂದ. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ ತಿಂಗಳು ತುಂಬುವ ಮೊದಲೇ, 1909ರ ಮಾರ್ಚ್ 23ಕ್ಕೆ, ಮಗ ಕರ್ಮಿಟ್ ಜೊತೆ ಹಡಗು ಹತ್ತಿದ. ಏಪ್ರಿಲ್‌ನಲ್ಲಿ ಮೊಂಬಾಸಾ ಬಂದರು. ಸಾಮಾನಿನಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲ್, ವಿಂಚೆಸ್ಟರ್‌ಗಳು, ಇಂಗ್ಲೆಂಡಿನ ಅಭಿಮಾನಿಗಳು ಉಡುಗೊರೆ ಕೊಟ್ಟ ಹಾಲಂಡ್ ಅಂಡ್ ಹಾಲಂಡ್ ಕಂಪನಿಯ ಜೋಡುನಳಿಗೆ ಕೋವಿ. ಚರ್ಮ ಹದ ಮಾಡೋಕೆ 4 ಟನ್ ಉಪ್ಪು.

ಆಗ ಅಲ್ಲಿ ಓಡ್ತಿದ್ದ ಹಣ ಯಾವುದು ಗೊತ್ತಾ? ನಮ್ಮ ರೂಪಾಯಿ. ಮೊಂಬಾಸಾದಿಂದ ಒಳನಾಡಿಗೆ ರೈಲು ಹಳಿ ಹಾಕೋಕೆ ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಸಾಗಿಸಿದ್ದರು. ಸಾವಿರಾರು ಜನ ಅಲ್ಲೇ ಮಣ್ಣಾದರು. ರೂಸ್ವೆಲ್ಟ್ ಆ ಹಳಿ ಮೇಲೆ, ರೈಲಿನ ಎಂಜಿನ್ ಮುಂದೆ ಕಟ್ಟಿದ ಸೀಟಿನಲ್ಲಿ ಕೂತು ಪ್ರಾಣಿ ನೋಡುತ್ತಾ ಹೋದ.

ಹೊರಗಿನಿಂದ ಬಂದ ಬೇಟೆಗಾರನ ಲೈಸೆನ್ಸಿಗೆ 750 ರೂಪಾಯಿ. ಹೊರೆಯಾಳಿನ ತಿಂಗಳ ಕೂಲಿ 10 ರೂಪಾಯಿ ಆಸುಪಾಸು. ತಲೆ ಮೇಲೆ ಸುಮಾರು 27 ಕೆಜಿ ಹೊರೆ. ಲೆಕ್ಕ ಹಾಕಿ: ಆ ಒಂದು ಕಾಗದ ಕೊಳ್ಳೋಕೆ ಹೊರೆಯಾಳು ಊಟ ಬಿಟ್ಟು ಆರು ವರ್ಷ ದುಡಿಯಬೇಕು. ದುಡಿದು ತಂದರೂ ಅವನಿಗೆ ಕೋವಿ ಕೊಡೋರಿಲ್ಲ. ರೂಸ್ವೆಲ್ಟ್ ಸವಾರಿಯಲ್ಲಿ ಇಂಥ ಆಳುಗಳು 200ಕ್ಕೂ ಮೇಲೆ.

ಕೋವಿ ಹೊರೋಕೆಂದೇ ಬೇರೆ ಆಳುಗಳಿದ್ದರು. ಸಿಂಹ ಎದುರಾದಾಗ ಸಾಹೇಬನ ಪಕ್ಕದಲ್ಲೇ ನಿಂತು ತುಂಬಿದ ಕೋವಿಯನ್ನು ಕೈಗೆ ಕೊಡೋದು ಅವರ ಕೆಲಸ. ದಿನವಿಡೀ ಕೋವಿ ಅವರ ಹೆಗಲ ಮೇಲೇ. ಒರೆಸೋದು, ಎಣ್ಣೆ ಹಾಕೋದು ಅವರೇ. ಆದರೆ ಕೋವಿ ಅವರದಲ್ಲ. ಈ ಏರ್ಪಾಟು ನಮಗೆ ಅರ್ಥ ಮಾಡಿಸೋಕೆ ಬೇರೆ ಯಾರೂ ಬೇಕಾಗಿಲ್ಲ. ದೇವರ ಮುಂದೆ ತಮಟೆ ಬಡಿಯೋರು ನಾವು, ಗುಡಿ ನಮ್ಮದಲ್ಲ.

ವರ್ಷ ತುಂಬೋ ಹೊತ್ತಿಗೆ ಅಪ್ಪ ಮಗ ಸೇರಿ ಕೊಂದ ದೊಡ್ಡ ಪ್ರಾಣಿ, ಪಕ್ಷಿಗಳು 512. ಅದರಲ್ಲಿ 17 ಸಿಂಹ, 11 ಆನೆ. ಬಹಳಷ್ಟು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದವು. ಇತಿಹಾಸದಲ್ಲಿ ರೂಸ್ವೆಲ್ಟ್ ಹೆಸರು ವನ್ಯಜೀವಿ ಸಂರಕ್ಷಕರ ಪಟ್ಟಿಯಲ್ಲಿದೆ.

*ಬೇಟೆ ಮತ್ತು ಕಳ್ಳಬೇಟೆ*

ಹಾಗಾದ್ರೆ ಕಳ್ಳಬೇಟೆಗಾರ ಯಾರು? 1900ರಲ್ಲಿ ಲಂಡನ್‌ನಲ್ಲಿ ಆಫ್ರಿಕಾದ ಕಾಡುಪ್ರಾಣಿ ರಕ್ಷಣೆಗೆ ಅಂತ ಯುರೋಪಿನ ದೇಶಗಳು ಸಭೆ ಸೇರಿ ಇನ್ನೊಂದು ಒಪ್ಪಂದ ಮಾಡಿದವು. ಅದು ಕಡಿವಾಣ ಹಾಕಲು ಹೇಳಿದ ಬೇಟೆ ವಿಧಾನಗಳಲ್ಲಿ ಬಲೆ ಮತ್ತು ಗುಂಡಿ ಇದ್ದವು. ಎರಡೂ ಕೋವಿ ಇಲ್ಲದವನ ವಿಧಾನ. ರೈಫಲ್ ಇದ್ದವನಿಗೆ ಲೈಸೆನ್ಸ್, ಅದು ಕ್ರೀಡೆ. ಗುಂಡಿ ತೋಡಿದವನು ಕ್ರೂರಿ, ಕಳ್ಳ.

ಕೀನ್ಯಾದಲ್ಲಿ ವಾಟಾ ಅನ್ನೋ ಜನ ಇದ್ದಾರೆ. ವಿಷ ಸವರಿದ ಬಾಣದಿಂದ ಆನೆ ಹೊಡೆಯೋದರಲ್ಲಿ ನಿಪುಣರು. ಅವರ ಬಿಲ್ಲನ್ನು ಎಳೆಯೋಕೆ ಹೊರಗಿನ ಗಟ್ಟಿ ಆಳುಗಳಿಗೂ ಆಗ್ತಿರಲಿಲ್ಲ. 1948ರಲ್ಲಿ ಅವರು ಬೇಟೆಯಾಡುತ್ತಿದ್ದ ಕಾಡು ಸಾವೊ ರಾಷ್ಟ್ರೀಯ ಉದ್ಯಾನ ಆಯ್ತು. 1950ರ ದಶಕದ ನಡುವೆ ಕಳ್ಳಬೇಟೆ ವಿರುದ್ಧ ಕಾರ್ಯಾಚರಣೆ ಮಾಡಿ ವಾಟಾ ಗಂಡಸರನ್ನು ಸಾಲುಸಾಲಾಗಿ ಜೈಲಿಗೆ ಹಾಕಿದರು. ದಂತದ ವ್ಯಾಪಾರಿಗಳಿಗೆ ಅವರು ದಂತ ಮಾರ್ತಿದ್ದದ್ದು ಸುಳ್ಳಲ್ಲ. ಆದರೆ ಅದೇ ವರ್ಷಗಳಲ್ಲಿ ಸಾಹೇಬರು ಪರವಾನಗಿ ತಗೊಂಡು ಕೀನ್ಯಾದ ಬೇರೆ ಕಾಡುಗಳಲ್ಲಿ ಆನೆ ಹೊಡೆದು ದಂತವನ್ನು ಮನೆ ಗೋಡೆಗೆ ಏರಿಸ್ತಿದ್ದರು.

*ಒಂದೇ ದೇಶ, ಎರಡು ಕೋವಿ*

ಈಗ ಹೇಳೋದು ನನ್ನ ನಿದ್ದೆ ಕೆಡಿಸಿದ ಭಾಗ.

1953ರ ಆಗಸ್ಟ್‌ನಲ್ಲಿ ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೆ ಮೊಂಬಾಸಾದಲ್ಲಿ ಹಡಗಿನಿಂದ ಇಳಿದ. ಎರಡನೇ ಸಲದ ಸಫಾರಿ. ಆಗ ಕೀನ್ಯಾದಲ್ಲಿ ತುರ್ತುಪರಿಸ್ಥಿತಿ. ಕಸಿದ ಜಮೀನಿಗಾಗಿ ಕಿಕುಯು ಜನ ಮೌಮೌ ಹೋರಾಟ ಶುರು ಮಾಡಿದ್ದರು. ಆ ಗಲಾಟೆಯಲ್ಲಿ ಸಫಾರಿ ವ್ಯಾಪಾರ ಬಿದ್ದು ಹೋಗಿತ್ತು, ಹಾಗಾಗಿ ಹೆಸರುವಾಸಿ ಅತಿಥಿಗೆ ಒಳ್ಳೇ ಸ್ವಾಗತ. ಬಂದ, ತಿಂಗಳುಗಟ್ಟಲೆ ಬೇಟೆಯಾಡಿದ. ಸರ್ಕಾರ ಅವನಿಗೆ ಗೌರವ ಗೇಮ್ ವಾರ್ಡನ್ ಅನ್ನೋ ಹುದ್ದೆಯನ್ನೂ ಕೊಟ್ಟಿತು.

ಅದೇ ತುರ್ತುಪರಿಸ್ಥಿತಿಯ ನಿಯಮದ ಪ್ರಕಾರ, ಪರವಾನಗಿ ಇಲ್ಲದೆ ಕೋವಿ ಅಥವಾ ಗುಂಡು ಇಟ್ಕೊಂಡು ಸಿಕ್ಕಿದರೆ ಗಲ್ಲು. ಯಾರನ್ನೂ ಕೊಂದಿರಬೇಕಾಗಿಲ್ಲ. ಹತ್ತಿರ ಇದ್ದರೆ ಸಾಕು. ಆ ವರ್ಷಗಳಲ್ಲಿ ಬ್ರಿಟಿಷರು ಕೀನ್ಯಾದಲ್ಲಿ ಗಲ್ಲಿಗೆ ಹಾಕಿದ ಆಫ್ರಿಕನ್ನರು ಸಾವಿರಕ್ಕೂ ಹೆಚ್ಚು. ಮೌಮೌ ನಾಯಕ ದೇದಾನ್ ಕಿಮಾಥಿಯನ್ನು 1956ರ ಅಕ್ಟೋಬರ್‌ನಲ್ಲಿ ಹಿಡಿದರು. ಇಷ್ಟು ದೊಡ್ಡ ಹೋರಾಟದ ನಾಯಕನ ಮೇಲೆ ಹಾಕಿದ ಆರೋಪ ಏನು ಅಂದ್ರೆ, ಒಂದು ರಿವಾಲ್ವರ್, ಕೆಲವು ಗುಂಡು ಇಟ್ಕೊಂಡಿದ್ದ ಅಂತ. 1957ರ ಫೆಬ್ರವರಿ 18ರಂದು ನೇಣಿಗೆ ಹಾಕಿದರು. ಸಮಾಧಿ ಎಲ್ಲಿ ಅಂತ ಹೆಂಡತಿ ಮಕ್ಕಳಿಗೂ ಹೇಳಲಿಲ್ಲ.

ಒಂದೇ ದೇಶ, ಒಂದೇ ತುರ್ತುಪರಿಸ್ಥಿತಿ. ಹಡಗಿನಲ್ಲಿ ಬಂದ ರೈಫಲ್ಲುಗಳಿಗೆ ಪರವಾನಗಿ, ಜೊತೆಗೊಂದು ಗೌರವದ ಹುದ್ದೆ. ಆ ನೆಲದವನ ಒಂದು ಕೈಕೋವಿಗೆ ನೇಣು. 'ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ' ಅಂತ ಗಾದೆ ಇದೆ. ಅದು ಪೂರ್ತಿ ನಿಜ ಅಲ್ಲ. ಸುಂಕದವನು ಕೆಲವರ ಸುಖದುಃಖ ಕೇಳ್ತಾನೆ, ಕೂರಿಸಿ ಕೇಳ್ತಾನೆ.

*ನಮ್ಮ ಕಾಡಿನ ಬಾಗಿಲು*

1977ರಲ್ಲಿ ಸ್ವತಂತ್ರ ಕೀನ್ಯಾ ಶೋಕಿ ಬೇಟೆಯನ್ನೇ ನಿಷೇಧಿಸಿತು. ಈಗ ಅಲ್ಲಿಗೆ ಸಫಾರಿ ಹೋಗೋರು ಕ್ಯಾಮೆರಾ ಹಿಡಿದು ಹೋಗ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಕೋವಿ ಸಫಾರಿ ಇನ್ನೂ ಇದೆ, ಅದರಿಂದ ಕೆಲಸ, ಆದಾಯ ಇದೆ ಅಂತ ವಾದಿಸೋರೂ ಇದ್ದಾರೆ. ಬೇಟೆಗಾರರ ಕೋವಿಗೆ ಪರವಾನಗಿ ಬರೆಯೋ ಆ ವಿಮಾನ ನಿಲ್ದಾಣಕ್ಕೆ 2006ರಿಂದ ಆಲಿವರ್ ಟಾಂಬೊ ಹೆಸರಿದೆ. ಬಿಳಿಯರ ಸರ್ಕಾರ ಅವರನ್ನು ಮೂವತ್ತು ವರ್ಷ ದೇಶದ ಹೊರಗಿಟ್ಟಿತ್ತು. ಅವರ ಪಕ್ಷದ ಹೋರಾಟಗಾರರು ಕೋವಿ ಸಮೇತ ಗಡಿ ದಾಟಿ ಸಿಕ್ಕಿಬಿದ್ದರೆ ಯಾವ ಫಾರಮ್ಮೂ ಕಾಯ್ತಿರಲಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದು ರಾಜರ, ಸಾಹೇಬರ ಶಿಕಾರಿ ನಿಂತಿತು. ಒಳ್ಳೇದಾಯ್ತು. ಮೈಸೂರು ಅರಸರ ಶಿಕಾರಿಗೆ ಜಾಡು ಹಿಡಿದು ತೋರಿಸಿದ, ಖೆಡ್ಡಾದಲ್ಲಿ ಆನೆ ಅಟ್ಟಿದ ಜೇನುಕುರುಬರ ಗತಿ ಏನಾಯ್ತು? ಕಬಿನಿ ದಂಡೆಯ ಬೇಟೆ ಬಂಗಲೆ ರೆಸಾರ್ಟ್ ಆಯ್ತು, ನಾಗರಹೊಳೆಯ ಹಾಡಿಯವರು ಅತಿಕ್ರಮಣದಾರರಾದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಿದೆ, ಅದಕ್ಕೂ ಫಾರಂ ಇದೆ. ಫಾರಂ ಕೊಟ್ಟು ಕೊಟ್ಟು ಸಾಕಾಗಿ, 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ಕರಡಿಕಲ್ಲು ಹಾಡಿಗೆ ತಾವೇ ವಾಪಸ್ ಹೋಗಿ ಗುಡಿಸಲು ಹಾಕಿದವು. ಎದುರಿಗೆ ಸಿಕ್ಕಿದ್ದು ಅರಣ್ಯ ಇಲಾಖೆ, ಪೊಲೀಸರು. ಟಿಕೆಟ್ ಹಿಡಿದ ಪ್ರವಾಸಿಗರ ಜೀಪು ಮಾತ್ರ ಆಗ ಅದೇ ಕಾಡಿಗೆ ದಿನಾ ಎರಡು ಹೊತ್ತು ಹೋಗ್ತಿತ್ತು.

ಕಾಮೆಂಟಲ್ಲಿ ಯಾರಾದರೂ "ಹಾಗಾದ್ರೆ ನಿಮಗೂ ಕೋವಿ ಬೇಕಾ?" ಅಂತ ಕೇಳ್ತೀರಿ, ಗೊತ್ತು. ಬೇಡ ಸ್ವಾಮಿ. ಬಾಬಾಸಾಹೇಬರು ನಮ್ಮ ಕೈಗೆ ಸಂವಿಧಾನ ಕೊಟ್ಟಿದ್ದಾರೆ, ನಮ್ಮ ದಾರಿ ಅದೇ. ಪ್ರಾಣಿ ಉಳಿಯಲಿ, ಕಾಡು ಉಳಿಯಲಿ, ಕೋವಿಗೆ ಕಟ್ಟುನಿಟ್ಟಿನ ಲೆಕ್ಕ ಇರಲಿ. ನಾವು ಕೇಳೋದು ಇಷ್ಟೇ. ಯಾವುದೇ ಕಾನೂನು ಓದುವಾಗ ಮೊದಲು ಅದರ ವಿನಾಯಿತಿ ಪಟ್ಟಿ ಓದಿ. ನಿಷೇಧ ಎಲ್ಲರಿಗೂ ಅಂತ ಮೇಲೆ ಬರೆದಿರುತ್ತೆ. ಆ ದೇಶದಲ್ಲಿ ಯಾರು ನಂಬಿಕಸ್ಥರು, ಯಾರು ಹುಟ್ಟಾ ಕಳ್ಳರು ಅನ್ನೋದು ಕೆಳಗಿನ ಸಣ್ಣ ಅಕ್ಷರದಲ್ಲಿರುತ್ತೆ.

ಮಕ್ಕಳಿಗೆ ಓದೋಕೆ ಕಲಿಸಿ. ಸಣ್ಣ ಅಕ್ಷರವನ್ನೂ ಬಿಡದೆ ಓದೋಕೆ ಕಲಿಸಿ.

ಓದಿದವರು ಹಂಚಿಕೊಳ್ಳಿ. ಜೈ ಭೀಮ್.